ಟರ್ಬೊ ಬದಲಿಸೋ ಮೊದಲು ಆಯಿಲ್ ಇಳಿಯೋ ಪೈಪ್ ಬಿಚ್ಚಿಸಿ ನೋಡಿ

ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತು ಹೊರಟರೆ ನೀಲಿ ಹೊಗೆ, ಹೈವೇನಲ್ಲಿ ಏನೂ ಇಲ್ಲ, ಮೆಕ್ಯಾನಿಕ್ ಟರ್ಬೊ (ಎಕ್ಸಾಸ್ಟ್ ರಭಸಕ್ಕೆ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತುಂಬೋ ಫ್ಯಾನ್) ಹೋಗಿದೆ ಅಂತಾರೆ, ಹೊಸದು ಹಾಕಿಸಲಾ ಇದ್ದದ್ದನ್ನೇ ರಿಪೇರಿ ಮಾಡಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಸದ್ಯಕ್ಕೆ ಟರ್ಬೊ ಮುಟ್ಟಲೇಬೇಡಿ.

ನನ್ನದೂ 1.8 ಲೀಟರ್ ಟರ್ಬೊ ಪೆಟ್ರೋಲ್ ಕಾರು, ಸೆಕೆಂಡ್ ಹ್ಯಾಂಡ್. 2019ರಲ್ಲಿ ಬೆಳಗಾವಿಯ ಚನ್ನಮ್ಮ ವೃತ್ತದ ಸಿಗ್ನಲ್‌ನಲ್ಲಿ ನಿಂತು ಹೊರಟೆ, ಕನ್ನಡಿಯಲ್ಲಿ ನೋಡಿದರೆ ಹಿಂದಿನ ಆಟೋ ಕಾಣಿಸ್ತಾ ಇರಲಿಲ್ಲ. ಅಷ್ಟು ಹೊಗೆ. ಅದೇ ಕಾರು ವಂಟಮೂರಿ ಘಾಟ್ ಹತ್ತುವಾಗ ಒಂದು ಎಳೆ ಹೊಗೆ ಬಿಡದೆ ಎಳೆಯುತ್ತಿತ್ತು. ಈ ವ್ಯತ್ಯಾಸದಲ್ಲೇ ಉತ್ತರ ಇತ್ತು, ನನಗೆ ಹೊಳೆಯಲಿಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಸುಡ್ತಾ ಇದೆ, ಟರ್ಬೊ ಕಾರಲ್ಲಿ ಆಯಿಲ್ ಸುಟ್ಟರೆ ಟರ್ಬೊ ಹೋಗಿದೆ, ಅಷ್ಟೇ ನನ್ನ ಲೆಕ್ಕ. ಗ್ಯಾರೇಜಿನವರೂ ಅದನ್ನೇ ಅಂದರು. ಹೊಸ ಟರ್ಬೊಗೆ 85 ಸಾವಿರ, ಕೂಲಿ 12 ಸಾವಿರ.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಟರ್ಬೊ ಕೂರಿಸುವ ದಿನ ಗ್ಯಾರೇಜಿನ ಹುಡುಗ ಫೋನ್ ಮಾಡಿ, "ಸರ್, ಆಯಿಲ್ ರಿಟರ್ನ್ ಪೈಪ್ ಹೊಸಾದು ತರಸ್ಲೇನ್ರಿ? 2,800 ಆಗ್ತೈತಿ" ಅಂತ ಕೇಳಿದ. "ಹಳೇದು ಒಡದೈತೇನು?" ಅಂದೆ. "ಇಲ್ರಿ, ಹೊರಗಿಂದ ಚಲೋನ ಕಾಣ್ತೈತಿ" ಅಂದ. "ಹಂಗಾರ ಬ್ಯಾಡ ಬಿಡು" ಅಂದುಬಿಟ್ಟೆ. ಸುಮಾರು ಒಂದು ಲಕ್ಷದ ಕೆಲಸದಲ್ಲಿ 2,800 ಉಳಿಸಿದೆ. ಟರ್ಬೊದಿಂದ ಆಯಿಲ್ ಎಂಜಿನ್‌ಗೆ ವಾಪಸ್ ಇಳಿಯೋ ಆ ಪೈಪನ್ನು ಒಳಗಿಂದ ನೋಡು ಅಂತ ಕೂಡ ನಾನು ಹೇಳಲಿಲ್ಲ. ಹಳೆ ಟರ್ಬೊ ನಿಜವಾಗಿ ಹೋಗಿದೆಯಾ, ಅದರ ಫ್ಯಾನ್ ಕೂತಿರೋ ಶಾಫ್ಟ್‌ನಲ್ಲಿ ಪ್ಲೇ, ಅಂದರೆ ಸಡಿಲ, ಎಷ್ಟಿದೆ, ಅದನ್ನೂ ಕೇಳಲಿಲ್ಲ.

ಒಂದು ವಾರ ಚೆನ್ನಾಗಿತ್ತು. ಎಂಟನೇ ದಿನ ಅದೇ ಸಿಗ್ನಲ್, ಅದೇ ಹೊಗೆ.

ಕೊನೆಗೆ ಗೆಳೆಯನೊಬ್ಬ ಉದ್ಯಮಬಾಗ್‌ನಲ್ಲಿ ಸಣ್ಣ ಶೆಡ್ ಇಟ್ಟುಕೊಂಡಿರುವ ಹಿರಿಯರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರನ್ನು ಎಲ್ಲರೂ ಕಾಕಾ ಅಂತಾರೆ. ಕಾಕಾ ಮೊದಲು ಹೊಗೆ ನೋಡಲೇ ಇಲ್ಲ. ಯಾವಾಗ ಬರುತ್ತೆ ಅಂತ ಹತ್ತು ಸಲ ಕೇಳಿದರು. ಬೆಳಿಗ್ಗೆ ಮೊದಲ ಸ್ಟಾರ್ಟ್‌ಗೆ ಬರುತ್ತಾ? ಘಾಟ್ ಇಳಿಯುವಾಗ ಗೇರ್‌ನಲ್ಲಿಟ್ಟು ಆಕ್ಸಲರೇಟರ್ ಬಿಟ್ಟರೆ ಬರುತ್ತಾ? ಇವೆರಡೂ ಇದ್ದರೆ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯೋದು) ಕಡೆ ನೋಡಬೇಕಂತೆ. ಲೋಡ್‌ನಲ್ಲಿ ಹತ್ತುವಾಗ ಜಾಸ್ತಿ ಬಂದರೆ ಪಿಸ್ಟನ್ ಸುತ್ತ ಇರೋ ಉಂಗುರ, ಅಂದರೆ ಪಿಸ್ಟನ್ ರಿಂಗ್. ನನ್ನದು ಇದ್ಯಾವುದೂ ಅಲ್ಲ. ಐಡಲ್‌ನಲ್ಲಿ ನಿಂತಾಗ ಆಯಿಲ್ ಎಲ್ಲೋ ಕೂಡಿಕೊಂಡು, ರೇಸ್ ಮಾಡಿದಾಗ ಸುಡುತ್ತಿತ್ತು.

ಆಮೇಲೆ ಎಂಜಿನ್ ಓಡುವಾಗಲೇ ಆಯಿಲ್ ಕ್ಯಾಪ್ ತೆಗೆದು ಅಂಗೈ ಹಿಡಿದರು. ಗಾಳಿ ಜೋರಾಗಿ ತಳ್ಳುತ್ತಿರಲಿಲ್ಲ, ಅಂದರೆ ಎಂಜಿನ್ ಒಳಗಿನ ಗಾಳಿ ಹೊರಹೋಗೋ ದಾರಿ, ಬ್ರೀದರ್, ಕಟ್ಟಿಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರು. ಒಂದೇ ಪ್ಲಗ್ ಆಯಿಲ್‌ನಲ್ಲಿ ತೊಯ್ದಿದ್ದರೆ ಆ ಸಿಲಿಂಡರಿನದೇ ತೊಂದರೆ. ನನ್ನವು ನಾಲ್ಕೂ ಒಣಗಿದ್ದವು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಹುಟ್ಟೋ ಒತ್ತಡ, ನಾಲ್ಕರಲ್ಲೂ ಒಂದೇ ಥರ, 11 ಬಾರ್ ಆಸುಪಾಸು. "ಎಂಜಿನ್ ಚಲೋ ಐತಿ ತಮ್ಮಾ" ಅಂದವರು ಕಾರಿನ ಕೆಳಗೆ ಹೋಗಿ, ನಾನು ಉಳಿಸಿದ್ದ ಆ ಪೈಪ್ ಬಿಚ್ಚಿಕೊಂಡು ಬಂದರು.

ಒಂದು ತುದಿಯಿಂದ ಆಯಿಲ್ ಹುಯ್ದರು. ಇನ್ನೊಂದು ತುದಿಯಲ್ಲಿ ಹನಿ ಹನಿಯಾಗಿ ತೊಟ್ಟಿಕ್ಕಿತು. ಬೆರಳು ಹೋಗುವಷ್ಟು ಅಗಲದ ಪೈಪದು, ಒಳಗೆ ಪೆನ್ನಿನ ರಿಫಿಲ್ ಹೋಗುವಷ್ಟು ಜಾಗ ಉಳಿದಿತ್ತು. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ಕರಿ ಚಕ್ಕೆ ಚಕ್ಕೆಯಾಗಿ ಬಂತು, ಬೆಲ್ಲ ಕಾಸುವ ಕಡಾಯಿಯ ತಳಕ್ಕೆ ಸೀದು ಹಿಡಿದ ಪಾಕದ ಹಾಗೆ.

"ಎಣ್ಣಿ ಟರ್ಬೊ ಒಳಗ ಹೋಗಾಕ ಪಂಪ್ ಐತಿ. ಹೊರಗ ಬರಾಕ ಏನೂ ಇಲ್ಲ ತಮ್ಮಾ, ತಾನ ಇಳೀಬೇಕು" ಅಂದರು ಕಾಕಾ. ಟರ್ಬೊ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತೆ, ಆಯಿಲ್‌ನ ಪದರದ ಮೇಲೆ ತೇಲಿಕೊಂಡು. ಅಲ್ಲಿ ರಬ್ಬರ್ ಸೀಲ್ ಇಲ್ಲ, ಪಿಸ್ಟನ್ ರಿಂಗ್ ಥರದ ಸಣ್ಣ ಉಂಗುರ ಇರುತ್ತೆ. ಕೆಳಗೆ ದಾರಿ ಕಟ್ಟಿದರೆ ಆಯಿಲ್ ಒಳಗೇ ತುಂಬಿ, ಆ ಉಂಗುರ ದಾಟಿ ಎಕ್ಸಾಸ್ಟ್ ಕಡೆ ಹೋಗುತ್ತೆ. ಟರ್ಬೊ ಹೊಸದಾದರೂ ಅಷ್ಟೇ, ಹಳೆಯದಾದರೂ ಅಷ್ಟೇ. ಡಿಕ್ಕಿಯಲ್ಲಿದ್ದ ನನ್ನ ಹಳೆ ಟರ್ಬೊ ತೆಗೆದು ಅವರು ಶಾಫ್ಟ್ ಹಿಡಿದು ಅಲ್ಲಾಡಿಸಿದರು. ಅಕ್ಕಪಕ್ಕ ಒಂಚೂರು ಆಡಿತು, ಅಷ್ಟು ಇರಬೇಕಾದ್ದೇ. ಹಿಂದೆ ಮುಂದೆ ಕೈಗೆ ಗೊತ್ತಾಗುವ ಹಾಗೆ ಆಡಲೇ ಇಲ್ಲ, ಫ್ಯಾನ್ ಎಲ್ಲೂ ಉಜ್ಜಿರಲಿಲ್ಲ. ಟರ್ಬೊ ಸರಿಯಾಗೇ ಇತ್ತು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಪೈಪ್ ಯಾಕೆ ಕಟ್ಟಿತು ಅಂದರೆ, ಅದೂ ನನ್ನಿಂದಲೇ. ಧಾರವಾಡದಿಂದ ಜೋರಾಗಿ ಓಡಿಸಿಕೊಂಡು ಬಂದು, ಮನೆ ಮುಂದೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಆಫ್ ಮಾಡುತ್ತಿದ್ದೆ. ಕೆಂಪಗೆ ಕಾದ ಟರ್ಬೊ ಒಳಗಿನ ಆಯಿಲ್ ಅಲ್ಲೇ ನಿಂತು ಸೀಯುತ್ತೆ. ಆಯಿಲ್ ಬದಲಿಸುವುದನ್ನೂ 15,000 ಕಿಲೋಮೀಟರ್‌ವರೆಗೆ ಎಳೆಯುತ್ತಿದ್ದೆ. ಈಗ 7,500ಕ್ಕೆ ಬದಲಿಸ್ತೀನಿ, ಫುಲ್ ಸಿಂಥೆಟಿಕ್ ಮಾತ್ರ. ಮನೆ ಹತ್ತಿರ ಬಂದಾಗ ಕೊನೆ ಎರಡು ಕಿಲೋಮೀಟರ್ ನಿಧಾನ ಓಡಿಸ್ತೀನಿ.

ಒಂದು ಮಾತು, ಪೈಪ್ ಬದಲಿಸಿದ ದಿನವೇ ಹೊಗೆ ನಿಲ್ಲುತ್ತೆ ಅಂತ ಕಾಯಬೇಡಿ. ಸೈಲೆನ್ಸರ್ ಒಳಗೆ ಹಳೆ ಆಯಿಲ್ ಕೂತಿರುತ್ತೆ. ನನಗೆ ಮತ್ತೆ ಹೊಗೆ ಕಂಡು ಎದೆ ಧಸಕ್ ಅಂತು. ಕಾಕಾಗೆ ಫೋನ್ ಮಾಡಿದರೆ, "ನಿಪ್ಪಾಣಿತನಕ ಹೋಗಿ ಬಾ, ಆಮ್ಯಾಲ ಮಾತಾಡು" ಅಂದರು. ಹೋಗಿ ಬರುವಷ್ಟರಲ್ಲಿ ತೆಳುವಾಯಿತು, ಒಂದು ವಾರದಲ್ಲಿ ಪೂರ್ತಿ ನಿಂತಿತು.

ಬೆಳಿಗ್ಗೆ ಬಿಳಿ ಹೊಗೆನೂ ಬರುತ್ತೆ ಅಂತ ಬರೆದಿದ್ದೀರಿ. ಐದು ನಿಮಿಷದಲ್ಲಿ ಹೋದರೆ ಅದು ಬರೀ ಆವಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತೆ, ಚಳಿಯಲ್ಲಿ ಅದು ಕಣ್ಣಿಗೆ ಕಾಣುತ್ತೆ. ಎಂಜಿನ್ ಬಿಸಿಯಾದ ಮೇಲೂ ಬಂದು, ಸಿಹಿ ವಾಸನೆ ಇದ್ದು, ಕೂಲೆಂಟ್ ಕಡಿಮೆ ಆಗ್ತಾ ಇದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಕೂಲೆಂಟ್ ಸಿಲಿಂಡರಿಗೆ ನುಗ್ಗದಂತೆ ತಡೆಯೋದು) ಚೆಕ್ ಮಾಡಿಸಿ, ಅಲ್ಲಿವರೆಗೆ ಓಡಿಸಬೇಡಿ.

ಟರ್ಬೊಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ ಅಲ್ವಾ? ಕೊಡಬೇಡಿ. ನಾಳೆ ಗ್ಯಾರೇಜಿಗೆ ಹೋಗಿ, ಪಕ್ಕದಲ್ಲೇ ನಿಂತು ಆ ರಿಟರ್ನ್ ಪೈಪ್ ಬಿಚ್ಚಿಸಿ, ನಿಮ್ಮ ಎದುರಿಗೇ ಆಯಿಲ್ ಹುಯ್ಯಿಸಿ ನೋಡಿ. ಧಾರೆಯಾಗಿ ಇಳಿದರೆ ಶಾಫ್ಟ್ ಪ್ಲೇ ಎಷ್ಟಿದೆ ನೋಡಿಸಿ ಇಲ್ಲಿ ಬರೆಯಿರಿ, ಮುಂದಿನದು ಹೇಳ್ತೀನಿ.