ದಾನಶೂರ ಅಲ್ಲ, ಸರಿ. ದಾನಿ ಕೂಡ ಅಲ್ವಾ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮೂವತ್ತು ವರ್ಷ ವಿಮಾ ಏಜೆಂಟರಾಗಿ ತೋಟ, ಗುಡ್ಡ ಸುತ್ತಿದವರು. ಅಮೆರಿಕದ ವಿಮಾ ಉದ್ಯಮಿ ಜಾನ್ ಡಿ. ಮೆಕ್‌ಆರ್ಥರ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಪುಟದ ಪರಿಚಯ ಹಾಕಿ, ‘ದಾನಶೂರ’ ಎಂದು ತಲೆಬರಹ ಕೊಟ್ಟಿದ್ದೆವು. ಅದಕ್ಕೆ ಅವರ ತಕರಾರು ಇದು: “ಬದುಕಿದ್ದಾಗ ಕೈ ಬಿಚ್ಚದವನು, ತೆರಿಗೆ ಉಳಿಸಲು ಟ್ರಸ್ಟ್ ಮಾಡಿ ಸತ್ತವನು ದಾನಶೂರ ಹೇಗಾದ? ಆ ದುಡ್ಡು ಅವನದ್ದೇ? ಕಂತು ಕಟ್ಟಿದ ಬಡವರದ್ದಲ್ವಾ? ನಮ್ಮೂರ ಶಾಲೆಗೆ ಅರ್ಧ ಎಕರೆ ಗದ್ದೆ ಬಿಟ್ಟುಕೊಟ್ಟವರ ಫೋಟೊ ಯಾವ ಪತ್ರಿಕೆಯಲ್ಲೂ ಬರಲಿಲ್ಲ.”

ನಮಸ್ಕಾರ ಸರ್,

ಮೊದಲು ತಲೆಬರಹದ ವಿಷಯ ಮುಗಿಸುತ್ತೇನೆ. ಆ ಪದ ಕೊಟ್ಟವನು ನಾನೇ. ಲೇಖಕರದ್ದಲ್ಲ. ಅದು ತಪ್ಪು. ‘ದಾನಶೂರ’ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವವನು ಕರ್ಣ. ಕವಚವನ್ನೇ ಕೊಯ್ದುಕೊಟ್ಟವನು. ಮೆಕ್‌ಆರ್ಥರ್ ಹಾಗಲ್ಲ. ಆ ಪದ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆದರೆ ಪತ್ರದ ಉಳಿದ ಭಾಗವನ್ನು ಹಾಗೇ ಒಪ್ಪಿಕೊಳ್ಳಲು ಮನಸ್ಸಾಗುತ್ತಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

“ಆ ದುಡ್ಡು ಯಾರದ್ದು” ಎಂದು ಕೇಳಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಈ ಮಾತು. ಯಾಕೆಂದರೆ ನಮ್ಮ ಮನೆಯೂ ಕಂತು ಕಟ್ಟಿದ ಮನೆಯೇ. ಸಾಗರದ ಹತ್ತಿರ ನಮ್ಮದು ಸಣ್ಣ ತೋಟ. ಮಂಡಿಯಿಂದ ಅಡಿಕೆ ದುಡ್ಡು ಬಂದ ದಿನ ಅಮ್ಮ ಮೊದಲು ಎತ್ತಿಡುತ್ತಿದ್ದುದು ಅಪ್ಪನ ಪಾಲಿಸಿಯ ಕಂತು. ಬಟ್ಟೆ, ಬೆಲ್ಲ, ಅಂಗಡಿ ಸಾಲ, ಎಲ್ಲ ಆಮೇಲೆ. ಏಜೆಂಟರು ಆಷಾಢದ ಮಳೆಯಲ್ಲೂ ಬರುತ್ತಿದ್ದರು. ಕೊಡೆ ಮಡಿಸಿ ಜಗಲಿಯ ಕಂಬಕ್ಕೆ ಒರಗಿಸಿ, ಅಂಗಿಯ ಒಳಗಿಂದ ಪ್ಲಾಸ್ಟಿಕ್ ಚೀಲ ತೆಗೆಯುತ್ತಿದ್ದರು. ಮೈಯೆಲ್ಲ ಒದ್ದೆ, ಕಾಗದ ಮಾತ್ರ ಒಣ. ಬೇರೆ ರಶೀದಿಗಳೆಲ್ಲ ತಂತಿಗೆ ಚುಚ್ಚಿಕೊಂಡು ಗೋಡೆಯ ಮೇಲೆ ಇರುತ್ತಿದ್ದವು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿದ್ದವು. ವಿಮೆಯ ರಶೀದಿಗೆ ಮಾತ್ರ ಒಲೆಯ ಮೇಲಿನ ಅಟ್ಟದಲ್ಲಿ ಬೇರೆ ಡಬ್ಬಿ. ಬಿಸಿಗೆ ಬೂಷ್ಟು ಬರಬಾರದು ಅಂತ. ಆ ಡಬ್ಬಿಯ ಹೊಗೆ ವಾಸನೆ ನನಗೆ ಇವತ್ತಿಗೂ ಮರೆತಿಲ್ಲ. ಕಂತಿನ ದುಡ್ಡು ಎಂದರೆ ಏನು ಅನ್ನೋದು ನನಗೆ ಗೊತ್ತು ಸರ್.

ಮೆಕ್‌ಆರ್ಥರ್ ಶ್ರೀಮಂತನಾದದ್ದು ಇಂಥ ದುಡ್ಡಿನಿಂದಲೇ. ಹುಟ್ಟಿದ್ದು 1897ರಲ್ಲಿ, ಪೆನ್ಸಿಲ್ವೇನಿಯಾದ ಪಿಟ್‌ಸ್ಟನ್ ಎಂಬ ಊರಿನಲ್ಲಿ. ಅಪ್ಪ ಊರೂರು ಸುತ್ತುವ ಧರ್ಮಬೋಧಕ, ಮನೆ ತುಂಬ ಮಕ್ಕಳು, ಬಡತನ. ಇವನೇ ಕೊನೆಯವನು. ಎಂಟನೇ ತರಗತಿಗೇ ಓದು ನಿಂತಿತು. ಶಿಕಾಗೋದಲ್ಲಿ ವಿಮೆ ಮಾರಲು ಶುರು ಮಾಡಿದ. 1935ರಲ್ಲಿ ಮುಳುಗುತ್ತಿದ್ದ ಬ್ಯಾಂಕರ್ಸ್ ಲೈಫ್ ಎಂಬ ಸಣ್ಣ ಕಂಪನಿಯನ್ನು 2,500 ಡಾಲರಿಗೆ ಕೊಂಡ.

ಅದು ಮಹಾ ಆರ್ಥಿಕ ಕುಸಿತದ ಕಾಲ. ಜನರ ಕೈಯಲ್ಲಿ ಕಾಸಿಲ್ಲ, ದೊಡ್ಡ ಕಂಪನಿಗಳ ಪಾಲಿಸಿ ಕೊಳ್ಳುವ ಶಕ್ತಿಯೂ ಇಲ್ಲ. ಇವನು ತಿಂಗಳಿಗೆ ಒಂದು ಡಾಲರಿನ ಪಾಲಿಸಿಯನ್ನು ಅಂಚೆಯಲ್ಲಿ ಮಾರಿದ. ಬೇರೆಯವರು ಬೇಡ ಅಂದ ಗಿರಾಕಿಗಳೇ ಇವನ ಗಿರಾಕಿಗಳು. ಮುಂದಿನದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಕಂತು ಇವತ್ತು ಬರುತ್ತದೆ, ಕ್ಲೇಮು ಬರುವುದು ಯಾವತ್ತೋ. ನಡುವಿನ ದುಡ್ಡು ಕಂಪನಿಯ ಕೈಯಲ್ಲಿ. ಆ ದುಡ್ಡು ಸುಮ್ನೆ ಕೂರಲಿಲ್ಲ. ಜಮೀನಾಯಿತು, ಕಟ್ಟಡವಾಯಿತು. ಫ್ಲಾರಿಡಾ ಒಂದರಲ್ಲೇ ಸುಮಾರು ಒಂದು ಲಕ್ಷ ಎಕರೆ. 1978ರಲ್ಲಿ ತೀರಿಕೊಂಡಾಗ ಆಸ್ತಿ ಸುಮಾರು ನೂರು ಕೋಟಿ ಡಾಲರ್. ಕಂಪನಿ ಪೂರ್ತಿ ಇವನೊಬ್ಬನದೇ. ಸಣ್ಣ ಅಕ್ಷರದ ಷರತ್ತು ತೋರಿಸಿ ಕ್ಲೇಮು ತಳ್ಳುತ್ತಾರೆ ಎಂಬ ದೂರುಗಳೂ ಆ ಕಂಪನಿಯ ಮೇಲೆ ಇದ್ದವು. ಅಲ್ಲಿನ ಕಂತುದಾರರ ನೋವನ್ನು ನಮ್ಮ ಪರಿಚಯ ಲೇಖನ ಹೇಳಲೇ ಇಲ್ಲ. ಹೇಳಬೇಕಿತ್ತು.

ನಮ್ಮಲ್ಲಿ ಇಂಥ ಒಬ್ಬ ವಿಮಾ ದೊರೆ ಬೆಳೆಯದೇ ಇರಲು ಕಾರಣ 1956. ಆ ವರ್ಷ 245 ಕಂಪನಿ, ಸಂಸ್ಥೆಗಳನ್ನು ಸರ್ಕಾರ ತೆಗೆದುಕೊಂಡು ಎಲ್‌ಐಸಿ ಮಾಡಿತು. ಹಾಗಾಗಿ ನಮ್ಮಮ್ಮನ ಅಡಿಕೆ ದುಡ್ಡು ಯಾವ ಒಬ್ಬ ಮನುಷ್ಯನ ಆಸ್ತಿಯೂ ಆಗಲಿಲ್ಲ. ಇದನ್ನು ನಾನು ಸಣ್ಣ ಮಾತು ಅಂದುಕೊಂಡಿಲ್ಲ.

ಇನ್ನು ಮನುಷ್ಯ ಎಂಥವನು ಅನ್ನೋ ವಿಷಯ. ಜಿಪುಣ ಅನ್ನುವ ಹೆಸರಿತ್ತು, ನಿಜ. ಪಾಮ್ ಬೀಚ್ ಶೋರ್ಸ್‌ನಲ್ಲಿ ತನ್ನದೇ ಹೋಟೆಲ್ ಇತ್ತು. ಸಮುದ್ರ ಕಾಣುವ ಕೋಣೆ ಬಾಡಿಗೆಗೆ ಹೋಗಲಿ ಎಂದು, ತಾನು ವಾಹನ ನಿಲ್ಲಿಸುವ ಜಾಗ ಕಾಣುವ ಕಡೆ ಇದ್ದ. ಕೋಟಿಗಟ್ಟಲೆ ವ್ಯವಹಾರ ಮಾಡುತ್ತಿದ್ದುದು ಅದೇ ಹೋಟೆಲಿನ ಕಾಫಿ ಟೇಬಲ್ಲಿನಲ್ಲಿ. ಮಗ ರಾಡರಿಕ್ ಜೊತೆ ವ್ಯಾಪಾರದ ಜಗಳ ಬೀದಿಗೆ ಬಂದಿತ್ತು.

ಇದೇ ಮನುಷ್ಯ 1961ರಲ್ಲಿ ಮಾಡಿದ ಒಂದು ಕೆಲಸ ಮಲೆನಾಡಿನವರಾದ ನಿಮಗೆ ಹೇಳಲೇಬೇಕು. ಫ್ಲಾರಿಡಾದಲ್ಲಿ ಪಾಮ್ ಬೀಚ್ ಗಾರ್ಡನ್ಸ್ ಎಂಬ ಹೊಸ ಊರು ಕಟ್ಟಿಸುತ್ತಿದ್ದ. ಪಕ್ಕದ ಊರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಜಾಗದಲ್ಲಿ ಸುಮಾರು 80 ವರ್ಷದ ಆಲದ ಮರ. ಕಟ್ಟಡ ದೊಡ್ಡದು ಮಾಡಲು ಅದನ್ನು ಕಡಿಯಬೇಕಿತ್ತು. ಇವನು ಕಡಿಯಲು ಬಿಡಲಿಲ್ಲ. ಬುಡಸಮೇತ ಎಬ್ಬಿಸಿ, ರಸ್ತೆಯ ಮೇಲೆ ಎಳೆಸಿಕೊಂಡು ಬಂದು ತನ್ನ ಹೊಸ ಊರಿನ ಬಾಗಿಲಲ್ಲಿ ನೆಡಿಸಿದ. ದಾರಿಯಲ್ಲಿ ಮರ ಜರುಗಿ ಟೆಲಿಫೋನ್ ತಂತಿ ಹರಿದು ಆ ಭಾಗದ ಸಂಪರ್ಕವೇ ಕಡಿದುಹೋಯಿತು. ಮರ ಬದುಕಿತು. ಹೊಸ ಊರಿಗೆ ಪ್ರಚಾರ ಬೇಕಿತ್ತು, ಅದೂ ಸರಿಯೇ. ಪ್ರಚಾರಕ್ಕೆ ಬೇರೆ ದಾರಿಯೂ ಇತ್ತು. ಒಂದು ಹಳೇ ಮರ ಎಬ್ಬಿಸಿ ನೆಟ್ಟರೆ ಬದುಕುತ್ತೆ ಅಂತ ನಂಬುವುದಕ್ಕೆ ಒಂದು ಥರದ ಹುಚ್ಚು ಪ್ರೀತಿ ಬೇಕು ಅಂತ ನನಗೆ ಅನ್ನಿಸುತ್ತದೆ.

ಈಗ ಟ್ರಸ್ಟಿನ ವಿಷಯ. 1970ರಲ್ಲಿ ವಕೀಲ ವಿಲಿಯಂ ಕರ್ಬಿ ಒತ್ತಾಯಿಸಿದ ಮೇಲೆ ಮೆಕ್‌ಆರ್ಥರ್ ಮತ್ತು ಹೆಂಡತಿ ಕ್ಯಾಥರೀನ್ ಹೆಸರಿನಲ್ಲಿ ಪ್ರತಿಷ್ಠಾನ ಆಯಿತು. ಆಸ್ತಿ ತೆರಿಗೆಗೆ ಕರಗಿಹೋಗಬಾರದು ಅನ್ನುವ ಲೆಕ್ಕವೂ ಅದರಲ್ಲಿತ್ತು. ನೀವು ಹೇಳಿದ್ದು ಸರಿಯೇ. ಆದರೆ ಆಮೇಲೆ ಅವನು ಮಾಡಿದ್ದನ್ನು ನೋಡಿ. ಆಸ್ತಿಯ ಬಹುಪಾಲು ಅದಕ್ಕೆ ಬರೆದ. ಯಾವುದಕ್ಕೆ ಖರ್ಚು ಮಾಡಬೇಕು ಅಂತ ಮಾತ್ರ ಬರೆಯಲಿಲ್ಲ. ದುಡ್ಡು ಮಾಡೋದು ನನಗೆ ಗೊತ್ತಿತ್ತು, ಮಾಡಿದೆ; ಹೇಗೆ ಖರ್ಚು ಮಾಡಬೇಕೋ ನೀವೇ ನೋಡಿಕೊಳ್ಳಿ ಎಂಬರ್ಥದ ಮಾತು ಹೇಳಿ ಬಿಟ್ಟುಬಿಟ್ಟ. ನಮ್ಮ ಜಾತಿಯವರಿಗೆ, ನಮ್ಮ ಊರಿಗೆ, ನಮ್ಮ ಮಠಕ್ಕೆ ಅನ್ನುವಂಥ ಷರತ್ತು ಯಾವುದೂ ಇಲ್ಲ. ನನ್ನ ಮಟ್ಟಿಗೆ ಅವನು ಕೊಟ್ಟ ದೊಡ್ಡ ದಾನ ಇದೇ. ದುಡ್ಡು ಬಿಡೋರು ಸಿಗುತ್ತಾರೆ. ದುಡ್ಡಿನ ಮೇಲಿನ ಹಿಡಿತ ಬಿಡೋರು ಸಿಗೋದಿಲ್ಲ.

ಹಾಗೆ ಷರತ್ತಿಲ್ಲದೆ ಬಿಟ್ಟ ದುಡ್ಡಿನಿಂದಲೇ 1981ರಲ್ಲಿ, ಹೊಸದನ್ನು ಸೃಷ್ಟಿಸುವ ಪ್ರತಿಭಾವಂತರಿಗೆ ಕೊಡುವ ಮೆಕ್‌ಆರ್ಥರ್ ಫೆಲೋಶಿಪ್ ಹುಟ್ಟಿತು. ಅದಕ್ಕೆ ಜೋರಾಗಿ ನಿಂತವನು ಜಗಳವಾಡಿದ್ದ ಆ ಮಗನೇ. ಅದಕ್ಕೆ ಅರ್ಜಿ ಇಲ್ಲ. ಶಿಫಾರಸು ಮಾಡಿದವರು ಯಾರು ಎಂದು ಗೊತ್ತಾಗುವುದಿಲ್ಲ. ಒಂದು ದಿನ ಫೋನ್ ಬರುತ್ತದೆ, ಐದು ವರ್ಷ ದುಡ್ಡು ಬರುತ್ತದೆ. ಈಗ ಅದು ಒಟ್ಟು 8 ಲಕ್ಷ ಡಾಲರ್. ಏನು ಮಾಡಿದಿರಿ ಎಂದು ವರದಿ ಕೇಳುವುದಿಲ್ಲ.

1983ರಲ್ಲಿ ಅದು ಬಂದದ್ದು ನಮ್ಮ ಎ. ಕೆ. ರಾಮಾನುಜನ್ ಅವರಿಗೆ. ಮೈಸೂರಿನಲ್ಲಿ ಹುಟ್ಟಿ ಶಿಕಾಗೋದಲ್ಲಿ ಪಾಠ ಮಾಡುತ್ತಿದ್ದ ಕನ್ನಡದ ಕವಿ. ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮ, ಇಬ್ಬರನ್ನೂ 1973ರಲ್ಲೇ ಇಂಗ್ಲಿಷಿಗೆ ಕೊಂಡೊಯ್ದವರು. ಇಬ್ಬರೂ ನಮ್ಮ ಶಿಕಾರಿಪುರ ಸೀಮೆಯವರು. 1976ರಲ್ಲಿ ನಿಮ್ಮ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದವರೂ ಇವರೇ. ಈ ಪುಸ್ತಕಗಳೆಲ್ಲ ಫೆಲೋಶಿಪ್ಪಿಗೆ ಮೊದಲೇ ಬಂದವು, ಹಾಗಾಗಿ ಅವು ಆ ದುಡ್ಡಿನ ಫಲ ಅಂತ ನಾನು ಹೇಳುವುದಿಲ್ಲ. ಕನ್ನಡದ ಮಾತನ್ನು ಜೀವಮಾನವಿಡೀ ಹೊತ್ತು ತಿರುಗಿದ ಒಬ್ಬರಿಗೆ, ಇನ್ನೈದು ವರ್ಷ ನಿಮಗೆ ಬೇಕಾದ್ದು ಮಾಡಿ ಅಂತ ಯಾರೋ ಹೇಳಿದರಲ್ಲ. ಆ ದುಡ್ಡು ಎಲ್ಲಿಂದ ಬಂತು? ಅಮೆರಿಕದ ಯಾವುದೋ ಅಡುಗೆಮನೆಯ ಡಬ್ಬಿಯಿಂದ ತಿಂಗಳಿಗೊಂದರಂತೆ ಹೋದ ಡಾಲರಿನಿಂದ. ಇದನ್ನು ನೆನೆದಾಗೆಲ್ಲ ನನ್ನ ಕಣ್ಣು ಒದ್ದೆಯಾಗುತ್ತದೆ. ಆ ಕಂತು ಕಟ್ಟಿದ ಒಬ್ಬರಿಗೂ ಇದು ತಿಳಿಯಲಿಲ್ಲವಲ್ಲ ಎಂದು ಸಂಕಟವೂ ಆಗುತ್ತದೆ.

ಹೊರಗಿನ ಶ್ರೀಮಂತರ ದುಡ್ಡು ನಮ್ಮ ಗುಡ್ಡ ಹತ್ತಿದ್ದು ಹೊಸದೇನಲ್ಲ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಹಳ್ಳಿಹಳ್ಳಿಗೆ ನಾಟಕ, ಸಿನಿಮಾ ಒಯ್ದಾಗ ಫೋರ್ಡ್ ಪ್ರತಿಷ್ಠಾನದ ನೆರವಿತ್ತು. ಆಗಲೂ ಇದೇ ಪ್ರಶ್ನೆ, ಇದೇ ವಾದ ಇತ್ತು. ಕೇಳಬೇಕಾದ ಪ್ರಶ್ನೆಯೇ ಅದು. ಕೇಳಿದ್ದಕ್ಕೆ ನಿಮಗೆ ಧನ್ಯವಾದ.

ಹಾಗಾಗಿ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ‘ದಾನಶೂರ’ ಹೋಗುತ್ತದೆ, ‘ದಾನಿ’ ಉಳಿಯುತ್ತದೆ. ಕಂತು ಕಟ್ಟಿದವರ ಬಗ್ಗೆ ಎರಡು ಪ್ಯಾರಾ ಸೇರುತ್ತದೆ.

ಇನ್ನೊಂದು ಮಾತು. ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ, ಕೊಳೆರೋಗ ಬಂದು ತೋಟ ಹಾಳಾದ ವರ್ಷ ಒಂದು ಮನೆಯ ಪಾಲಿಸಿ ಲ್ಯಾಪ್ಸ್ ಆಗಬಾರದು ಅಂತ ಎರಡು ಕಂತು ನೀವೇ ಕಟ್ಟಿದಿರಿ, ಅವರಿಗೆ ಹೇಳಲೇ ಇಲ್ಲ ಅಂತ. ಅದನ್ನು ಪೂರ್ತಿ ಬರೆದು ಕಳಿಸಿ ಸರ್. ಆ ಮನೆಯವರ ಹೆಸರು ಬೇಡ. ಶಾಲೆಗೆ ಗದ್ದೆ ಬಿಟ್ಟವರ ಫೋಟೊ ಸಿಕ್ಕರೆ, ಮನೆಯವರ ಒಪ್ಪಿಗೆ ಕೇಳಿ ಅದನ್ನೂ ಜೊತೆಗಿಡಿ. ದೀಪಾವಳಿ ಸಂಚಿಕೆಗೆ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.

— ಸಂಪಾದಕ