ಸಿನಿಮಾ ತೋರಿಸಿ ಮನಸ್ಸಿಗೆ ಚಿಕಿತ್ಸೆ ಕೊಡ್ತಾರಂತೆ, ಖರೇನಾ?

ಖರೆ. ಆದರೆ ಸಿನಿಮಾನೇ ಔಷಧ ಅಲ್ಲ. ನೋಡಿದ ಮೇಲೆ ಆಪ್ತಸಮಾಲೋಚಕರ ಜೊತೆ ನಡೆಯುವ ಮಾತೇ ಚಿಕಿತ್ಸೆ. ತನ್ನ ಸಂಕಟ ಹೇಳಲು ಬಾಯಿ ಬಾರದವರೂ ಪಾತ್ರದ ಸಂಕಟವನ್ನು ಸಲೀಸಾಗಿ ಹೇಳುತ್ತಾರೆ.

'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಚಿತ್ರದಲ್ಲಿ ಅನಂತ್ ನಾಗ್ ಅವರದು ಅಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆ ಇರುವ ಅಪ್ಪನ ಪಾತ್ರ. ಬಾಗಲಕೋಟೆಯ ನಮ್ಮ ಓಣಿಯಲ್ಲಿ ಅಂಥದೇ ಅಪ್ಪನನ್ನು ಜೋಪಾನ ಮಾಡುತ್ತಿದ್ದ ಕಾಕಾ ಒಬ್ಬರು ಅದನ್ನು ನೋಡುತ್ತ ನಡುವೆಯೇ ರಿಮೋಟ್ ಒತ್ತಿ ನಿಲ್ಲಿಸಿ, "ನಾನೂ ಅಪ್ಪಗ ಭಾಳ ಬೈದೀನಿ" ಅಂದರು. ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದ ಮಾತು. ಸಮಾಲೋಚಕರು ಹಿಡಿಯುವುದು ಇಂಥ ಎಳೆಯನ್ನೇ.

ಹಿಂಸೆ, ಆತ್ಮಹತ್ಯೆಯ ದೃಶ್ಯಗಳು ಹಳೆಯ ಗಾಯ ಕೆದಕಬಹುದು. ಯಾವ ಸಿನಿಮಾ ಎಂಬುದನ್ನು ಸಮಾಲೋಚಕರೇ ಆರಿಸಲಿ. ಯಾರ ಹತ್ತಿರ ಹೋಗಬೇಕು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.