ಮಳೆಗಾಲದಲ್ಲಿ ಬೆವರುವ ಕ್ಷೌರದ ಸೋಪನ್ನು ಎಸೆಯಬೇಡಿ

ಧಾರವಾಡದಿಂದ ಮುಂಬೈಗೆ ಬಂದ ಮೇಲೆ ಇದು ಮೊದಲ ಮಳೆಗಾಲ, ಶೇವಿಂಗ್ ಸೋಪಿನ ಮೇಲೆ ದಿನವೂ ಹನಿ ಕಟ್ಟುತ್ತದೆ, ಮರದ ಬಟ್ಟಲಿನ ಅಂಚಿನಲ್ಲಿ ಕಪ್ಪು ಬೂಷ್ಟು ಬಂದಿದೆ, ಸೋಪು ಕೆಟ್ಟಿದೆಯೇ, ಫ್ರಿಜ್ಜಿನಲ್ಲಿ ಇಡಬೇಕೇ ಎಂದು ಕೇಳಿದ್ದೀರಿ. ಸೋಪು ಕೆಟ್ಟಿಲ್ಲ. ಫ್ರಿಜ್ಜು ಬೇಡ. ಬಟ್ಟಲನ್ನೂ ಅದನ್ನು ಇಡುವ ಜಾಗವನ್ನೂ ಬದಲಿಸಿ.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ 22 ಮಳೆಗಾಲ ಕಳೆದಿದ್ದೇನೆ, ಅಷ್ಟೂ ವರ್ಷ ಬ್ರಶ್ಶು, ಬಟ್ಟಲಿನ ಸೋಪನ್ನು ಬಿಟ್ಟವನಲ್ಲ. ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ನಾಳೆ ಬೆಳಿಗ್ಗೆ ಆ ಹನಿಯನ್ನು ಬೆರಳ ತುದಿಗೆ ತೆಗೆದುಕೊಂಡು ಹೆಬ್ಬೆರಳಿಗೆ ಉಜ್ಜಿ ನೋಡಿ. ಸಕ್ಕರೆ ಪಾಕ ಆಗತಾನೆ ಹದಕ್ಕೆ ಬರುವಾಗ ಇರುವಂಥ ಸಣ್ಣ ಅಂಟು ಸಿಗುತ್ತದೆ. ಅದು ಗ್ಲಿಸರಿನ್. ಎಣ್ಣೆಗೋ ಕೊಬ್ಬಿಗೋ ಕ್ಷಾರ ಸೇರಿ ಸೋಪಾಗುವಾಗ ಗ್ಲಿಸರಿನ್ ತಾನಾಗಿಯೇ ಹುಟ್ಟುತ್ತದೆ. ನೊರೆ ಕೆನ್ನೆಯ ಮೇಲೆ ಬೇಗ ಒಣಗಬಾರದೆಂದು ಕ್ಷೌರದ ಸೋಪಿನಲ್ಲಿ ಅದನ್ನು ಉಳಿಸಿಕೊಳ್ಳುತ್ತಾರೆ, ಎಷ್ಟೋ ಸಲ ಮೇಲಿನಿಂದಲೂ ಬೆರೆಸುತ್ತಾರೆ. ಗಾಳಿಯ ತೇವವನ್ನು ಎಳೆದುಕೊಳ್ಳುವುದು ಅದರ ಗುಣ. ಜುಲೈ, ಆಗಸ್ಟಿನಲ್ಲಿ ಇಲ್ಲಿನ ಗಾಳಿಯ ಆರ್ದ್ರತೆ ಬಹುಪಾಲು ಶೇಕಡಾ 80ರ ಮೇಲೆಯೇ ಇರುತ್ತದೆ. ಹಗ್ಗದ ಮೇಲಿನ ಬನಿಯನ್ನು ಎರಡು ದಿನವಾದರೂ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತದೆ. ಸೋಪು ಬೆವರುವುದೂ ಇದೇ ಕಾರಣಕ್ಕೆ. ಮಳೆ ನಿಂತು ಗಾಳಿ ಒಣಗಿದಾಗ ಅದು ಮತ್ತೆ ಮೊದಲಿನ ಹಾಗೇ ಆಗುತ್ತದೆ.

ಸ್ನಾನದ ಸೋಪು ಇಷ್ಟು ಗೋಳಾಡಿಸುವುದಿಲ್ಲವಲ್ಲ ಎನ್ನಬಹುದು. ಅದರ ಮೈ ಗಟ್ಟಿ, ಏಕೆಂದರೆ ಅದಕ್ಕೆ ಬಳಸುವ ಕ್ಷಾರ ಕಾಸ್ಟಿಕ್ ಸೋಡಾ. ಕ್ಷೌರದ ಸೋಪಿಗೆ ಕಾಸ್ಟಿಕ್ ಪೊಟ್ಯಾಶ್ ಎಂಬ ಇನ್ನೊಂದು ಕ್ಷಾರವನ್ನೂ ಕೊಬ್ಬಿನಿಂದ ಸಿಗುವ ಸ್ಟಿಯರಿಕ್ ಆಮ್ಲವನ್ನೂ ಧಾರಾಳವಾಗಿ ಹಾಕುತ್ತಾರೆ. ಪೊಟ್ಯಾಶಿನಿಂದ ಸೋಪು ಮೆತ್ತಗಾಗಿ ನೀರಿಗೆ ಬೇಗ ಕರಗುತ್ತದೆ, ಸ್ಟಿಯರಿಕ್ ಆಮ್ಲದಿಂದ ನೊರೆ ಮೊಸರಿನ ಕೆನೆಯಂತೆ ದಟ್ಟವಾಗಿ ನಿಲ್ಲುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ನಮ್ಮ ಮೈಸೂರು ಸ್ಯಾಂಡಲ್ ಸೋಪು ಮನೆಯ ಬಚ್ಚಲಲ್ಲಿ ಎಂದೂ ತಪ್ಪಿದ್ದಿಲ್ಲ, ಆದರೆ ಅದರ ನೊರೆಯನ್ನು ನಂಬಿ ಕೆನ್ನೆಗೆ ಬ್ಲೇಡು ಇಡಲಾರೆ. ಒಂದೊಂದು ಸೋಪಿಗೆ ಒಂದೊಂದು ಕೆಲಸ.

ಇನ್ನು ಬೂಷ್ಟು. ಸೋಪಿನ ಕ್ಷಾರ ಬೂಷ್ಟಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅದು ಹಿಡಿದಿರುವುದು ಮರವನ್ನು. ನನ್ನ ಮೊದಲ ಮಳೆಗಾಲದಲ್ಲೂ ಹೀಗೇ ಆಗಿತ್ತು. ಉಡುಗೊರೆ ಬಂದ ಚಂದದ ಮರದ ಬಟ್ಟಲು, ಗಡ್ಡ ತೆಗೆದ ಕೂಡಲೇ ಮುಚ್ಚಳ ಹಾಕಿ ಬಚ್ಚಲಿನ ಗೂಡಿನಲ್ಲಿ ಇಡುತ್ತಿದ್ದೆ. ಆಗಸ್ಟಿನ ಒಂದು ದಿನ ಸೋಪನ್ನು ಎಬ್ಬಿಸಿ ನೋಡಿದರೆ ತಳದಲ್ಲಿ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕಿಗಳು, ಮುಗ್ಗಲು ವಾಸನೆ. ಬಟ್ಟಲು ಹೋಯಿತು, ಸೋಪು ಉಳಿಯಿತು. ನೀವೂ ಹಾಗೇ ಮಾಡಿ. ಚಾಕುವಿನ ತುದಿಯನ್ನು ಅಂಚಿನ ಸುತ್ತ ಆಡಿಸಿ ಸೋಪನ್ನು ಬಿಡಿಸಿ, ಮರಕ್ಕೆ ತಾಗಿದ್ದ ಭಾಗವನ್ನೆಲ್ಲ ಎರಡು ಮೂರು ಮಿಲಿಮೀಟರ್ ಹೆರೆದು ಎಸೆಯಿರಿ, ಒಂದು ದಿನ ಫ್ಯಾನಿನ ಕೆಳಗೆ ಒಣಗಿಸಿ. ಆಮೇಲೆ ಅಗಲ ಬಾಯಿಯ ಸ್ಟೀಲ್ ಬಟ್ಟಲಿಗೆ ಒತ್ತಿ. ಸೋಪು ಗಟ್ಟಿಯಿದ್ದರೆ ತುರಿದುಕೊಳ್ಳಿ, ನಾಲ್ಕು ಹನಿ ಬಿಸಿನೀರು ಚಿಮುಕಿಸಿ, ಚಮಚದ ಬೆನ್ನಿನಿಂದ ಗಾಳಿ ಉಳಿಯದಂತೆ ಅದುಮಿ. ಒಳಗಿನವರೆಗೂ ಬೂಷ್ಟು ಇಳಿದಿದ್ದರೆ, ಅಥವಾ ಕಿತ್ತಳೆ ಬಣ್ಣದ ಕಲೆಗಳು ಮೂಡಿ ಹಳೆಯ ಕಡಲೆಕಾಯಿ ಎಣ್ಣೆಯ ಕಮಟು ವಾಸನೆ ಬಂದಿದ್ದರೆ ಮಾತ್ರ ಎಸೆಯಬೇಕು. ಬಟ್ಟಲಿನ ಗೋಡೆಗೆ ಅಂಟಿದ ಬಿಳಿ ಪದರವನ್ನು ಬೂಷ್ಟೆಂದು ಭಾವಿಸಬೇಡಿ. ಟ್ಯಾಂಕರ್ ಅಥವಾ ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಹಾಗೆ ಕಟ್ಟುತ್ತದೆ. ನಿಂಬೆಹಣ್ಣಿನ ಹೋಳಿನಿಂದ ತಿಕ್ಕಿದರೆ ಬಿಡುತ್ತದೆ.

ನಿತ್ಯದ ಆರೈಕೆ ದೊಡ್ಡದೇನಲ್ಲ, ಆದರೆ ಒಂದು ದಿನವೂ ತಪ್ಪಬಾರದು. ಸೋಪಿನ ಮೇಲೆ ನೀರು ನಿಲ್ಲಿಸಿ ನೆನೆಸಬೇಡಿ, ಈ ನಾಲ್ಕು ತಿಂಗಳು ಅದು ಬೇಕಾಗುವುದೇ ಇಲ್ಲ. ಒದ್ದೆ ಮಾಡಿ ಕೊಡವಿದ ಬ್ರಶ್ಶನ್ನು ಸೋಪಿನ ಮೇಲೆ ಅರ್ಧ ನಿಮಿಷ ತಿರುಗಿಸಿ, ನೊರೆಯನ್ನು ಬೇರೆ ಬಟ್ಟಲಿನಲ್ಲೋ ಕೆನ್ನೆಯ ಮೇಲೆಯೋ ಎಬ್ಬಿಸಿ. ಮುಗಿದ ಮೇಲೆ ಸೋಪಿನ ಮೇಲೆ ಉಳಿದ ನೊರೆಯನ್ನು ತಣ್ಣೀರಿನಲ್ಲಿ ಸರ್ರನೆ ತೊಳೆದು, ಬಟ್ಟಲನ್ನು ಓರೆ ಮಾಡಿ ಬಸಿಯಿರಿ. ಆಮೇಲೆ ಅದನ್ನು ಬಚ್ಚಲಿನಿಂದ ಹೊರಗೆ ತನ್ನಿ. ಇದನ್ನೊಂದನ್ನು ಪಾಲಿಸಿದರೂ ಮುಕ್ಕಾಲು ಪಾಲು ತೊಂದರೆ ಹೋಗುತ್ತದೆ. ನಮ್ಮ ಕಟ್ಟಡಗಳ ಬಚ್ಚಲುಗಳಿಗೆ ಒಂದು ಗೇಣಿನ ಕಿಟಕಿ, ಮನೆಮಂದಿಯ ಸ್ನಾನದ ಹಬೆ ಮಧ್ಯಾಹ್ನದವರೆಗೂ ಅಲ್ಲೇ ಇರುತ್ತದೆ. ನನ್ನ ಬಟ್ಟಲು ಪಡಸಾಲೆಯಲ್ಲಿ, ಫ್ಯಾನಿನ ಗಾಳಿ ತಾಗುವ ಪುಸ್ತಕದ ಕಪಾಟಿನ ಮೇಲೆ ಬಾಯಿ ತೆರೆದುಕೊಂಡು ಇರುತ್ತದೆ. ಮುಚ್ಚಳ ಹಾಕುವುದು ರಾತ್ರಿ, ಮುಟ್ಟಿದರೆ ಬೆರಳು ಜಾರದಷ್ಟು ಒಣಗಿದ ಮೇಲೆ. ಎರಡು ಸೋಪು ಇಟ್ಟುಕೊಂಡು ದಿನ ಬಿಟ್ಟು ದಿನ ಬಳಸಿದರೆ ಇನ್ನೂ ಒಳ್ಳೆಯದು. ಬ್ರಶ್ಶನ್ನೂ ಕೊಡವಿ ಅಲ್ಲೇ ಇಡಿ, ಕಪಾಟಿನೊಳಗೆ ಮುಚ್ಚಿಡಬೇಡಿ.

ಫ್ರಿಜ್ಜು ಬೇಡ ಎಂದದ್ದಕ್ಕೆ ಕಾರಣವಿದೆ. ತಣ್ಣಗಿನ ಬಟ್ಟಲನ್ನು ಹೊರಗೆ ತೆಗೆದ ಕ್ಷಣವೇ ಅದರ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ, ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟಿರೋ ಅದೇ ಹೆಚ್ಚಾಗುತ್ತದೆ. ಒಳಗಿನ ಬೆಳ್ಳುಳ್ಳಿ, ಸಾಂಬಾರಿನ ವಾಸನೆಯೂ ಹಿಡಿಯುತ್ತದೆ.

ಬಳಸದ ಸೋಪುಗಳನ್ನು ಸುತ್ತಿದ ಕಾಗದ ಬಿಚ್ಚದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ನುಸಿಗುಳಿಗೆ ಹಾಕಿದ ಬೀರುವಿನಲ್ಲಿ ಮಾತ್ರ ಬೇಡ. ಅಮ್ಮ ರೇಷ್ಮೆ ಸೀರೆಯ ಮಡಿಕೆಯಲ್ಲಿ ಗಂಧದ ಸೋಪು ಇಡುತ್ತಿದ್ದರು. ಸೀರೆಗೆ ಬಂದ ಪರಿಮಳವೆಲ್ಲ ಸೋಪು ಕಳೆದುಕೊಂಡದ್ದೇ ತಾನೇ! ನಿಂಬೆ, ಕಿತ್ತಳೆಯ ಪರಿಮಳ ಎಲ್ಲಕ್ಕಿಂತ ಮೊದಲು ಹಾರಿಹೋಗುತ್ತದೆ, ಅಂಥವನ್ನು ಮೊದಲು ಬಳಸಿ. ಗಂಧದ್ದು ವರ್ಷಗಟ್ಟಲೆ ಕಾಯುತ್ತದೆ.

ದೀಪಾವಳಿಗೆ ಊರಿಗೆ ಹೋಗುವಾಗ ಈ ಬಟ್ಟಲನ್ನೇ ಒಯ್ದರೆ ಅಲ್ಲಿನ ಒಣಗಾಳಿಗೆ ಸೋಪು ಕುಗ್ಗಿ ಅಂಚು ಬಿಡಬಹುದು, ನಡುವೆ ಬಿರುಕೂ ಬಿಡಬಹುದು. ಆಗಲೂ ಅದು ಕೆಟ್ಟಿರುವುದಿಲ್ಲ. ಬಿರುಕಿಗೆ ಐದಾರು ಹನಿ ಬಿಸಿನೀರು ಬಿಟ್ಟು, ಹೆಬ್ಬೆರಳಿನಿಂದ ಒತ್ತಿ, ಒಂದು ರಾತ್ರಿ ಹಾಗೇ ಬಿಡಿ.